ಚಳಿಗಾಲದ ರಾತ್ರಿ ಘಟ್ಟ ಇಳಿಯುವ ಮುನ್ನ ಕಾರಿನಲ್ಲಿ ಏನೇನು ನೋಡಬೇಕು?

ದೀಪಾವಳಿ ಮುಗಿದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಉತ್ತರ ಕನ್ನಡದ ರಸ್ತೆಗಳಲ್ಲಿ ರಾತ್ರಿ ಓಡಾಟ ಒಮ್ಮೆಲೇ ಹೆಚ್ಚುತ್ತದೆ. ಶಿರಸಿ, ಸಿದ್ದಾಪುರದವರು ಆಟ ನೋಡಲು ಕುಮಟಾ, ಹೊನ್ನಾವರಕ್ಕೆ ಇಳಿಯುತ್ತಾರೆ. ಕರಾವಳಿಯವರು ಮದುವೆ, ಉಪನಯನ ಎಂದು ಘಟ್ಟ ಹತ್ತುತ್ತಾರೆ. ಶಬರಿಮಲೆಗೆ ಹೊರಟ ಮಾಲಾಧಾರಿಗಳ ವ್ಯಾನು, ಮುರ್ಡೇಶ್ವರ, ಗೋಕರ್ಣಕ್ಕೆ ಬಂದ ಶಾಲಾ ಪ್ರವಾಸದ ಬಸ್ಸು, ಅಡಿಕೆ ಹೇರಿದ ಪಿಕಪ್ಪು, ಬೈಹುಲ್ಲಿನ ಲಾರಿ, ಹಳಿಯಾಳದ ಕಡೆ ಕಬ್ಬಿನ ಟ್ರ್ಯಾಕ್ಟರು ಎಲ್ಲವೂ ಈ ಮೂರು ತಿಂಗಳಲ್ಲೇ ರಸ್ತೆಯಲ್ಲಿರುತ್ತವೆ. ಹೊತ್ತು ಕೂಡ ಚಿಕ್ಕದು. ಡಿಸೆಂಬರ್‌ನಲ್ಲಿ ಕಾರವಾರದಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯ ಸಮುದ್ರ ಸೇರಿದರೆ ಮತ್ತೆ ಮೇಲೆ ಬರುವುದು ಹೆಚ್ಚುಕಡಿಮೆ ಏಳಕ್ಕೆ.

2025ರ ಜನವರಿ 22ರಂದು, ಇನ್ನೂ ಬೆಳಕು ಹರಿಯುವ ಮೊದಲು, ಸವಣೂರಿನಿಂದ ಕುಮಟಾದ ಬುಧವಾರದ ಸಂತೆಗೆ ಹಣ್ಣು ತರಕಾರಿ ಒಯ್ಯುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿ ಹತ್ತು ಜನ ಸತ್ತರು. ಅಂಥ ಸುದ್ದಿ ಬಂದಾಗ ನಾಲ್ಕು ದಿನ ಎಲ್ಲರಿಗೂ ತಮ್ಮ ಗಾಡಿಯ ಲೈಟು, ಬ್ರೇಕು ನೆನಪಾಗುತ್ತದೆ. ಮೊಬೈಲ್ ತೆಗೆದು ಹುಡುಕಿದರೆ ಸಿಗುವ ಸಲಹೆಗಳೋ, ಬಹುಪಾಲು ಹಿಮ ಬೀಳುವ ದೇಶದವರಿಗೆ ಬರೆದದ್ದು: ಹಿಮಕ್ಕೆ ಬೇರೆ ಟಯರ್ ಹಾಕಿ, ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯಿರಿ, ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಿ. ನಮ್ಮಲ್ಲಿ ಇದ್ಯಾವುದೂ ಬೇಕಾಗಿಲ್ಲ. ನಮ್ಮ ಚಳಿಗಾಲದ ತಯಾರಿಯೆಂದರೆ ಮುಖ್ಯವಾಗಿ ಬೆಳಕು ಮತ್ತು ಗಾಜಿನ ಕೆಲಸ. ಜೊತೆಗೆ, ನಾಲ್ಕು ತಿಂಗಳ ಮಳೆಗಾಲ ಕಾರಿಗೆ ಮಾಡಿಟ್ಟ ಹಾನಿಯನ್ನು ಹುಡುಕಿ ಸರಿಪಡಿಸುವುದು. ಹೆಚ್ಚಿನದಕ್ಕೆ ದೊಡ್ಡ ಖರ್ಚೂ ಇಲ್ಲ.

ಮಂಜು ಎಲ್ಲಿ ಕೂರುತ್ತದೆ, ಏಕೆ?

ಮೋಡವಿಲ್ಲದ ಚಳಿರಾತ್ರಿಯಲ್ಲಿ ನೆಲ ಹಗಲಿಡೀ ಹೀರಿಕೊಂಡ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿಕೊಂಡ ಗಾಳಿಯೂ ತಣಿಯುತ್ತದೆ. ಬಿಸಿ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ತಣ್ಣನೆಯ ಗಾಳಿಗೆ ಆ ಶಕ್ತಿ ಇಲ್ಲ. ಹಾಗಾಗಿ ಹೆಚ್ಚುವರಿ ಆವಿ ಸಣ್ಣ ಸಣ್ಣ ಹನಿಯಾಗಿ ಗಾಳಿಯಲ್ಲೇ ತೇಲುತ್ತದೆ. ಅದೇ ಮಂಜು. ಎಲೆ, ಗಾಜು, ರಸ್ತೆಯ ಮೇಲೆ ಹನಿಯಾಗಿ ಕೂತರೆ ಇಬ್ಬನಿ.

ತಣಿದ ಗಾಳಿ ಭಾರವಾದ್ದರಿಂದ ಇಳಿಜಾರು ಹಿಡಿದು ಕೆಳಗೆ ಸರಿದು ಕಣಿವೆಯಲ್ಲಿ ನಿಲ್ಲುತ್ತದೆ. ಅಘನಾಶಿನಿ, ಬೇಡ್ತಿ, ಶರಾವತಿ, ಕಾಳಿ ಹರಿಯುವ ಕಣಿವೆಗಳಲ್ಲಿ ನೀರಿಗೆ ಬರವಿಲ್ಲ. ಅಡಿಕೆ ತೋಟಗಳಿರುವುದೂ ತಗ್ಗಿನಲ್ಲೇ. ಆದ್ದರಿಂದಲೇ ನಮ್ಮ ಮಂಜು ಹಾಸಿಗೆ ಹಾಸಿದಂತೆ ಒಂದೇ ಸಮನೆ ಇರುವುದಿಲ್ಲ. ಏರಿನ ಮೇಲೆ ನಕ್ಷತ್ರ ಕಾಣುವಷ್ಟು ತಿಳಿಯಾಗಿರುತ್ತದೆ, ಮುಂದಿನ ತಿರುವಿನಲ್ಲಿ ಹಳ್ಳದ ಸೇತುವೆ ಬಂತೆಂದರೆ ಬಾನೆಟ್ಟಿನಾಚೆ ಬೆಳ್ಳಗೆ. ದೇವಿಮನೆ, ಅರಬೈಲ್, ಅಣಶಿ, ಗೇರುಸೊಪ್ಪ ಘಟ್ಟಗಳಲ್ಲಿ ಓಡಾಡುವ ಚಾಲಕರಿಗೆ ಇಂಥ ಜಾಗಗಳು ಬಾಯಿಪಾಠ. ಮಂಜು ಹೆಚ್ಚು ದಟ್ಟವಾಗುವುದು ಬೆಳಗಿನ ಜಾವದಿಂದ ಬಿಸಿಲೇರುವ ತನಕ. ಆಟ ಮುಗಿಸಿ ಮನೆಗೆ ಹೊರಡುವ ಹೊತ್ತು ಸರಿಯಾಗಿ ಅದೇ.

ಕಾಣುವ ದೂರ, ನಿಲ್ಲುವ ದೂರ

ಕಾರಿನ ಯಾವ ಭಾಗ ಏಕೆ ಮುಖ್ಯ ಎಂದು ತಿಳಿಯಲು ಒಂದು ಲೆಕ್ಕ ಗೊತ್ತಿರಬೇಕು. ರಸ್ತೆಯಲ್ಲಿ ದನ ಕಂಡಿತೆನ್ನಿ. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡ್ ಕಳೆಯುತ್ತದೆ. ಅಷ್ಟು ಹೊತ್ತು ಕಾರು ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಬ್ರೇಕ್ ಹಿಡಿಯುವುದು ಆಮೇಲೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಈ ಎರಡೂ ಸೇರಿ ಸುಮಾರು 26 ಮೀಟರ್ ಬೇಕು. 60ರಲ್ಲಿ 45 ಮೀಟರ್. 80ರಲ್ಲಿ 68 ಮೀಟರ್. ಇದು ಒಣ ರಸ್ತೆ, ಒಳ್ಳೆಯ ಟಯರ್, ಸಮತಟ್ಟು ನೆಲದ ಲೆಕ್ಕ. ಇಬ್ಬನಿಯಿಂದ ಒದ್ದೆಯಾದ ರಸ್ತೆಯಲ್ಲಿ 60ರ ವೇಗಕ್ಕೇ 50 ಮೀಟರ್ ದಾಟುತ್ತದೆ, ಇಳಿಜಾರಿನಲ್ಲಿ ಇನ್ನೂ ಜಾಸ್ತಿ.

ಈಗ ಹೆಡ್‌ಲೈಟಿನ ಕಡೆ ನೋಡಿ. ಡಿಪ್, ಅಂದರೆ ಲೋ ಬೀಮ್, ಸರಿಯಾಗಿದ್ದರೆ 50ರಿಂದ 60 ಮೀಟರ್ ದೂರದವರೆಗೆ ರಸ್ತೆಯನ್ನು ಚೆನ್ನಾಗಿ ತೋರಿಸುತ್ತದೆ. ಕಪ್ಪು ಕಂಬಳಿ ಹೊದ್ದು ಬದಿಯಲ್ಲಿ ನಡೆಯುವವರು ಅದಕ್ಕಿಂತ ಹತ್ತಿರ ಬಂದ ಮೇಲೆಯೇ ಕಾಣುವುದು. ಅಂದರೆ ಡಿಪ್ ಹಾಕಿಕೊಂಡು 80ರಲ್ಲಿ ಹೋಗುವವನು ತನಗೆ ಕಾಣದ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಲೈಟು ಮಂಕಾಗಿ ಕಾಣುವ ದೂರ 35 ಮೀಟರಿಗೆ ಇಳಿದರೆ 60 ಕೂಡ ಅತಿವೇಗವೇ. ಮುಂದೆ ಹೇಳುವ ಎಲ್ಲ ಕೆಲಸವೂ ಈ ಎರಡು ಅಂಕೆಗಳನ್ನು ಸರಿದೂಗಿಸಲಿಕ್ಕೆ: ಕಾಣುವ ದೂರ ಹೆಚ್ಚಬೇಕು, ನಿಲ್ಲುವ ದೂರ ಕಡಿಮೆಯಾಗಬೇಕು.

ಹೆಡ್‌ಲೈಟು: ಬಲ್ಬ್ ಬದಲಿಸುವ ಮುನ್ನ

ಲೈಟು ಸಾಲದು ಅನ್ನಿಸಿದ ಕೂಡಲೇ ಜನ ಮಾಡುವುದು ಹೆಚ್ಚು ವ್ಯಾಟಿನ ಬಲ್ಬ್ ಅಥವಾ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಹಾಕಿಸುವುದು. ಅದಕ್ಕಿಂತ ಮೊದಲು ನೋಡಬೇಕಾದ್ದು ಮೂರಿವೆ.

ಒಂದು, ಲೆನ್ಸ್. ಈಗಿನ ಕಾರುಗಳ ಹೆಡ್‌ಲೈಟಿನ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೇಲಿನ ರಕ್ಷಣೆಯ ಲೇಪ ಬಿಸಿಲಿನ ನೇರಳಾತೀತ ಕಿರಣಕ್ಕೆ ಸವೆದುಹೋಗುತ್ತದೆ; ಆಮೇಲೆ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಸಮುದ್ರದ ದಂಡೆಯ ಮರಳು, ಚಿರೆಕಲ್ಲಿನ ಕೆಂಪು ಧೂಳು ಅದನ್ನೇ ಮತ್ತಷ್ಟು ಗೀರುತ್ತವೆ. ಹಳದಿಗಟ್ಟಿದ ಲೆನ್ಸ್ ಬೆಳಕನ್ನು ತಡೆಯುವುದಷ್ಟೇ ಅಲ್ಲ, ದಿಕ್ಕುತಪ್ಪಿಸಿ ಎದುರಿನವನ ಕಣ್ಣಿಗೂ ಚೆಲ್ಲುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ ಎಂಬುದು ನಿಜ, ಕೆಲವು ವಾರದ ಮಟ್ಟಿಗೆ. ಉಜ್ಜಿದ ಮೇಲೆ ಹೊಸ ಲೇಪ ಹಾಕದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಹಳದಿ. ಪಾಲಿಶ್ ಮತ್ತು ಲೇಪ ಎರಡನ್ನೂ ಮಾಡಿಕೊಡುವವರ ಹತ್ತಿರ ಹೋಗುವುದು ಲೇಸು. ಮಳೆಗಾಲ ಕಳೆದ ಮೇಲೆ ಲೆನ್ಸಿನ ಒಳಗೆ ತೆಳ್ಳಗೆ ಆವಿ ಕಂಡು, ಲೈಟು ಉರಿಸಿದ ಸ್ವಲ್ಪ ಹೊತ್ತಿಗೆ ಮಾಯವಾದರೆ ಚಿಂತೆಯಿಲ್ಲ. ತಳದಲ್ಲಿ ನೀರೇ ನಿಂತಿದ್ದರೆ ಸೀಲ್ ಹೋಗಿದೆ ಎಂದರ್ಥ.

ಎರಡು, ಅರ್ಥಿಂಗ್. ಕರಾವಳಿಯ ಕಾರುಗಳಲ್ಲಿ ಇದು ತುಂಬ ಸಾಮಾನ್ಯ, ಗಮನಿಸುವವರು ಮಾತ್ರ ಕಡಿಮೆ. ಹೆಡ್‌ಲೈಟಿಗೆ ಹೋದ ಕರೆಂಟು ವಾಪಸ್ ಬ್ಯಾಟರಿಗೆ ಬರುವುದು ಕಾರಿನ ಲೋಹದ ಮೈ ಮೂಲಕ. ವೈರು ಆ ಮೈಗೆ ಕೂಡುವ ಜಾಗ ಒಂದು ಸಣ್ಣ ಬೋಲ್ಟು. ಉಪ್ಪುಗಾಳಿ, ಮಳೆನೀರಿಗೆ ಅದು ಕಿಲುಬು ಹಿಡಿದರೆ ಕರೆಂಟಿನ ದಾರಿ ಇಕ್ಕಟ್ಟಾಗಿ ಬಲ್ಬಿಗೆ ಸಿಗುವ ವೋಲ್ಟೇಜ್ ಕುಸಿಯುತ್ತದೆ. ಹ್ಯಾಲೊಜನ್ ಬಲ್ಬಿನ ಗುಣ ಏನೆಂದರೆ, ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ಹತ್ತರಷ್ಟಲ್ಲ, ಸುಮಾರು ಮೂವತ್ತರಷ್ಟು ಇಳಿಯುತ್ತದೆ. ಎಲೆಕ್ಟ್ರಿಶಿಯನ್ ಆ ಬೋಲ್ಟು ಬಿಚ್ಚಿ, ಮರಳು ಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದು, ಮೇಲೆ ಚೂರು ಗ್ರೀಸ್ ಸವರಿದರೆ ಮುಗಿಯಿತು. ಕೆಂಪಗೆ ಮಿಣಿಮಿಣಿ ಅನ್ನುತ್ತಿದ್ದ ಲೈಟು ಅದೇ ಬಲ್ಬಿನಲ್ಲಿ ಬೆಳ್ಳಗಾಗುವುದನ್ನು ನಿಂತು ನೋಡಬಹುದು. ಒಂದು ಕಡೆಯ ಲೈಟು ಮಾತ್ರ ಮಂಕಾಗಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಮೂರು, ಬೆಳಕು ಬೀಳುವ ಎತ್ತರ. ಸಮತಟ್ಟು ಜಾಗದಲ್ಲಿ ಗೋಡೆಗೆ ಎದುರಾಗಿ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ. ಟಯರಿನಲ್ಲಿ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ನೆಲದಿಂದ ಹೆಡ್‌ಲೈಟಿನ ನಟ್ಟನಡುವಿನ ತನಕ ಎತ್ತರ ಎಷ್ಟಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಎಡಭಾಗದಲ್ಲಿ ಬೆಳಕು ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಅದು ತಪ್ಪಲ್ಲ, ಎಡಬದಿಯಲ್ಲಿ ನಡೆಯುವವರು ಕಾಣಲಿ, ಬಲದಿಂದ ಬರುವವರ ಕಣ್ಣಿಗೆ ಹೊಡೆಯದಿರಲಿ ಎಂದು ಹಾಗೆ ಮಾಡಿದ್ದು. ಅಂಚು ತೀರಾ ಕೆಳಗಿದ್ದರೆ ರಸ್ತೆ ಕಾಣದು, ಮೇಲಿದ್ದರೆ ಎದುರಿನವರಿಂದ ಬೈಗುಳ.

ಸ್ಟೇರಿಂಗಿನ ಬಲಗಡೆ 0, 1, 2, 3 ಎಂದು ಬರೆದ ಸಣ್ಣ ಚಕ್ರ ಹಲವು ಕಾರುಗಳಲ್ಲಿದೆ. ಕೊಂಡ ದಿನದಿಂದ ಅದನ್ನು ಮುಟ್ಟದವರೇ ಬಹಳ. ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ತೆಂಗಿನಕಾಯಿಯೋ ಅಕ್ಕಿಮೂಟೆಯೋ ಇದ್ದರೆ ಕಾರಿನ ಹಿಂಭಾಗ ಕುಸಿದು ಮುಂಭಾಗ ಎದ್ದು ಡಿಪ್ಪೂ ಆಕಾಶ ನೋಡತೊಡಗುತ್ತದೆ. ಆಗ ಆ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿದರೆ ಬೆಳಕು ಮತ್ತೆ ರಸ್ತೆಗೆ ಇಳಿಯುತ್ತದೆ. ಒಬ್ಬರೇ ಇದ್ದಾಗ 0.

ಇಷ್ಟಾದ ಮೇಲೂ ಬಲ್ಬ್ ಬದಲಿಸುವುದಿದ್ದರೆ ಕಂಪನಿ ಹೇಳಿದ ವ್ಯಾಟಿನದನ್ನೇ, ಎರಡೂ ಕಡೆ ಒಟ್ಟಿಗೆ ಹಾಕಿಸಿ. ಸಾಮಾನ್ಯ ಎಚ್4 ಬಲ್ಬ್ 60/55 ವ್ಯಾಟಿನದು. ಅದರ ಜಾಗಕ್ಕೆ 100/90 ಹಾಕಿದರೆ ಹೋಲ್ಡರ್ ಕರಗಬಹುದು, ವೈರು ಸುಡಬಹುದು. ಹ್ಯಾಲೊಜನ್‌ಗಾಗಿ ಮಾಡಿದ ಲೈಟಿಗೆ ಎಲ್‌ಇಡಿ ಬಲ್ಬ್ ತುರುಕುವುದರ ತೊಂದರೆ ಬೇರೆ ತರಹದ್ದು. ಒಳಗಿನ ಪ್ರತಿಫಲಕವನ್ನು ಹ್ಯಾಲೊಜನ್ ತಂತಿ ಇರುವ ಜಾಗಕ್ಕೆ ಅಳೆದು ಮಾಡಿರುತ್ತಾರೆ. ಬೆಳಕಿನ ಮೂಲ ಕೆಲವೇ ಮಿಲಿಮೀಟರ್ ಆಚೀಚೆ ಆದರೂ ಬೆಳಕು ಅಡ್ಡಾದಿಡ್ಡಿ ಚೆಲ್ಲುತ್ತದೆ. ಕಾರಿನ ಮುಂದೆ ಹತ್ತು ಮೀಟರ್ ಹಗಲಾದಂತೆ ಕಂಡು ಖುಷಿಯಾಗುತ್ತದೆ. ದೂರದ ರಸ್ತೆ ಮಾತ್ರ ಮೊದಲಿಗಿಂತ ಕಪ್ಪಾಗಿರುತ್ತದೆ.

ಗಾಜಿನ ಮೇಲೆ ಆವಿ: ಒಳಗಿನದೋ, ಹೊರಗಿನದೋ?

ರಾತ್ರಿ ಘಟ್ಟದಲ್ಲಿ ಹೆಚ್ಚು ಗಾಬರಿ ಹುಟ್ಟಿಸುವುದು ಇದೇ. ಇದ್ದಕ್ಕಿದ್ದಂತೆ ಎದುರಿನ ಗಾಜು ಮಬ್ಬಾಗುತ್ತದೆ. ಚಾಲಕ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆಯಿಂದ ಒರೆಸುತ್ತಾನೆ, ಅರ್ಧ ನಿಮಿಷಕ್ಕೆ ಮತ್ತೆ ಮಬ್ಬು. ಕಾರಣ ತಿಳಿದರೆ ಇದು ಗುಂಡಿ ಒತ್ತಿ ಸರಿಪಡಿಸುವ ಕೆಲಸ.

ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಲೋಟ ಹೊರಗಡೆ ಬೆವರುವುದನ್ನು ನೋಡಿದ್ದೇವೆ. ನೀರು ಲೋಟದಿಂದ ಸೋರಿದ್ದಲ್ಲ; ಸುತ್ತಲಿನ ಗಾಳಿಯ ಆವಿ ತಣ್ಣನೆಯ ಮೈಗೆ ತಾಗಿ ಹನಿಯಾದದ್ದು. ಕಾರಿನ ಗಾಜಿನಲ್ಲೂ ನಡೆಯುವುದು ಅಷ್ಟೇ. ಯಾವ ಬದಿಯ ಗಾಳಿಯಲ್ಲಿ ತೇವ ಹೆಚ್ಚಿದೆಯೋ ಆ ಬದಿಯಲ್ಲಿ ಹನಿ ಕೂರುತ್ತದೆ.

ಕುಮಟಾದಿಂದ ಶಿರಸಿಗೆ ಹತ್ತುವಾಗ ಸಾಮಾನ್ಯವಾಗಿ ಮಬ್ಬಾಗುವುದು ಒಳಬದಿ. ಐದು ಜನರ ಉಸಿರು, ಮೈಯ ಬೆವರು, ಒದ್ದೆ ಬಟ್ಟೆ, ಕಾಲೊರಸಿನ ತೇವ ಎಲ್ಲ ಸೇರಿ ಒಳಗಿನ ಗಾಳಿ ತೇವದಿಂದ ತುಂಬಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಏರುತ್ತಿದ್ದಂತೆ ಹೊರಗಿನ ಗಾಳಿ ತಣ್ಣಗಾಗಿ ಗಾಜೂ ತಣಿಯುತ್ತದೆ. ಚಳಿ ಎಂದು ಎಲ್ಲ ಕಿಟಕಿ ಮುಚ್ಚಿ, ಎಸಿ ಆರಿಸಿ, ಗಾಳಿ ಒಳಗೇ ಸುತ್ತುವ ಗುಂಡಿ ಒತ್ತಿಟ್ಟರೆ ಆವಿಗೆ ಹೋಗಲು ದಾರಿಯೇ ಇಲ್ಲ.

ಇದಕ್ಕೆ ಉಪಾಯ ಕೇಳಲು ವಿಚಿತ್ರವಾಗಿದೆ: ಚಳಿಯಲ್ಲೂ ಎಸಿ ಹಾಕಬೇಕು. ಎಸಿ ಗಾಳಿಯನ್ನು ತಂಪು ಮಾಡುವುದಷ್ಟೇ ಅಲ್ಲ, ಒಣಗಿಸುತ್ತದೆ ಕೂಡ. ಗಾಳಿ ಅದರ ತಣ್ಣನೆಯ ಕೊಳವೆಗಳ ಮೇಲೆ ಹಾದಾಗ ಆವಿ ಅಲ್ಲೇ ನೀರಾಗಿ ಕಾರಿನ ಅಡಿಯಿಂದ ತೊಟ್ಟಿಕ್ಕುತ್ತದೆ; ಬೇಸಿಗೆಯಲ್ಲಿ ನಿಂತ ಕಾರಿನಡಿ ಕಾಣುವ ನೀರು ಅದೇ. ಹಾಗೆ ಒಣಗಿದ ಗಾಳಿಯನ್ನು ಹೀಟರಿನಿಂದ ಬೆಚ್ಚಗೆ ಮಾಡಿ ಗಾಜಿಗೆ ಊದಿದರೆ ಮಬ್ಬು ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಆದ್ದರಿಂದ ಎಸಿ ಆನ್, ತಾಪಮಾನದ ಗುಂಡಿ ಬಿಸಿಯ ಕಡೆಗೆ, ಹೊರಗಿನ ಗಾಳಿ ಒಳಗೆ ಬರುವಂತೆ, ಊದುವ ದಿಕ್ಕು ಎದುರಿನ ಗಾಜಿಗೆ. ಗಾಜು ಮತ್ತು ಮೇಲೇಳುವ ಬಾಣದ ಚಿತ್ರವಿರುವ ಗುಂಡಿ ಒತ್ತಿದರೆ ಹಲವು ಕಾರುಗಳಲ್ಲಿ ಇದರ ಬಹುಪಾಲು ತಾನಾಗಿಯೇ ಆಗುತ್ತದೆ. ಹೀಟರ್ ಬಳಸುವುದು ಎಂಜಿನ್ನಿನ ಬಿಸಿಯನ್ನೇ, ಅದಕ್ಕೆ ಪ್ರತ್ಯೇಕ ಇಂಧನ ಸುಡುವುದಿಲ್ಲ. ಎಸಿಗೆ ಸ್ವಲ್ಪ ಹೋಗುತ್ತದೆ, ಹೋಗಲಿ.

ಘಟ್ಟ ಇಳಿಯುವಾಗ ಇದು ತಿರುವುಮುರುವು. ಶಿರಸಿಯ ಚಳಿಯಲ್ಲಿ ತಣಿದ ಗಾಜು ಕತಗಾಲ ದಾಟಿ ಕರಾವಳಿಯ ಬೆಚ್ಚನೆಯ ಒದ್ದೆ ಗಾಳಿಗೆ ಸಿಕ್ಕಿದಾಗ ಹನಿ ಕೂರುವುದು ಹೊರಬದಿಯಲ್ಲಿ. ಒಳಗೆ ಎಷ್ಟು ಒರೆಸಿದರೂ ಏನೂ ಆಗದು. ಒಮ್ಮೆ ವೈಪರ್ ಆಡಿಸಿ. ಮಬ್ಬು ಹೋದರೆ ಅದು ಹೊರಗಿನದು. ಗಾಜಿಗೆ ತಣ್ಣನೆಯ ಗಾಳಿ ಬಡಿಯುತ್ತಿದ್ದರೆ ದಿಕ್ಕು ಬದಲಿಸಿ, ಇಲ್ಲವೇ ಸ್ವಲ್ಪ ಬಿಸಿ ಮಾಡಿ. ಬೆರಳಿನಿಂದ ಒಳಗಡೆ ಒಂದು ಗೀರು ಎಳೆದು ನೋಡಿದರೂ ಯಾವ ಬದಿ ಎಂದು ಗೊತ್ತಾಗುತ್ತದೆ.

ಹೊರಡುವ ಮೊದಲಿನ ತಯಾರಿಯೆಂದರೆ ಗಾಜಿನ ಒಳಮೈ ತೊಳೆಯುವುದು. ಹೊರಮೈಯನ್ನು ಎಲ್ಲರೂ ಒರೆಸುತ್ತಾರೆ. ಒಳಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಟ್ಟ ಎಣ್ಣೆಯಂಶ, ಊದುಬತ್ತಿಯ ಹೊಗೆ, ಧೂಳು ಸೇರಿ ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ. ಹಗಲು ಅದು ಗೊತ್ತಾಗದು. ರಾತ್ರಿ ಎದುರಿನ ಲೈಟು ಬಿದ್ದಾಗ ಗಾಜಿಡೀ ಹಾಲು ಚೆಲ್ಲಿದ ಹಾಗೆ ಹರಡುತ್ತದೆ, ಆವಿಯೂ ಅಂಥ ಗಾಜಿಗೇ ಬೇಗ ಹಿಡಿಯುತ್ತದೆ. ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹಳೆಯ ಬನಿಯನ್ ಬೇಡ, ಅದು ಎಣ್ಣೆಯನ್ನು ಈ ತುದಿಯಿಂದ ಆ ತುದಿಗೆ ಸಾಗಿಸುತ್ತದೆ ಅಷ್ಟೇ. ವೈಪರಿನ ರಬ್ಬರು ಆಷಾಢ ಶ್ರಾವಣದ ಮಳೆಯಲ್ಲಿ ಸವೆದಿರುತ್ತದೆ. ಗೆರೆ ಬಿಡುತ್ತಿದ್ದರೆ ಮುಂದಿನ ಮಳೆಗಾಲಕ್ಕೆ ಕಾಯದೆ ಈಗಲೇ ಬದಲಿಸಿ. ಬಂದರಿನಿಂದ ಹೊರಟ ಮೀನಿನ ಲಾರಿಯ ಹಿಂದೆ ಒಂದು ಸಲ ಸಿಕ್ಕಿಕೊಂಡವರಿಗೆ ವೈಪರ್ ಟ್ಯಾಂಕಿನಲ್ಲಿ ನೀರು ಏಕಿರಬೇಕು ಎಂದು ವಿವರಿಸಬೇಕಿಲ್ಲ.

ಮಂಜಿನೊಳಗೆ ಯಾವ ಲೈಟು?

ಹೈ ಬೀಮ್ ಅಲ್ಲ. ಮಂಜಿನ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಮೇಲ್ಮುಖವಾಗಿ ಹೋದ ಬೆಳಕಿನ ಒಂದು ಪಾಲು ನಮ್ಮ ಕಣ್ಣಿಗೇ ವಾಪಸ್ ಬಂದು ಎದುರಿಗೆ ಬಿಳಿ ಗೋಡೆ ನಿಂತಂತೆ ಆಗುತ್ತದೆ. ಡಿಪ್ ಹಾಕಿದರೆ ಕಣ್ಣಿನ ನೇರಕ್ಕೆ ಚದುರುವ ಬೆಳಕು ಕಡಿಮೆ. ಫಾಗ್ ಲ್ಯಾಂಪನ್ನು ಬಂಪರಿನಲ್ಲಿ ಅಷ್ಟು ಕೆಳಗೆ ಕೂರಿಸುವುದೂ, ಅದರ ಬೆಳಕು ಚಪ್ಪಟೆಯಾಗಿ ಅಗಲಕ್ಕೆ ಹರಡುವುದೂ ಇದೇ ಕಾರಣಕ್ಕೆ. ದೂರ ತೋರಿಸುವುದು ಅದರ ಕೆಲಸವಲ್ಲ, ರಸ್ತೆಯ ಅಂಚು ತೋರಿಸುವುದು.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಹಾಗಾಗಿ ಅವು ಹಳದಿ, ಬಿಳಿ ಎಂದು ಭೇದ ಮಾಡದೆ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿ ಕೆಲವರ ಕಣ್ಣಿಗೆ ಹಿತ ಅನ್ನಿಸಬಹುದು, ಅಷ್ಟೇ. ರಾತ್ರಿ ಓಡಿಸಲೆಂದು ಮಾರುವ ಹಳದಿ ಕನ್ನಡಕದ ಕಥೆ ಇನ್ನೂ ಕೆಟ್ಟದ್ದು: ಮೊದಲೇ ಕಡಿಮೆ ಇರುವ ಬೆಳಕಿನಲ್ಲಿ ಒಂದು ಪಾಲನ್ನು ಅದು ತಡೆದುಬಿಡುತ್ತದೆ. ಆ ಹಣಕ್ಕೆ ಕಣ್ಣಿನ ನಂಬರ್ ಪರೀಕ್ಷೆ ಮಾಡಿಸಿಕೊಳ್ಳಬಹುದು.

ನಾವು ಕಂಡರೆ ಸಾಲದು, ಕಾಣಿಸಿಕೊಳ್ಳಬೇಕು

ಈಚಿನ ಕಾರುಗಳು ತಂದಿಟ್ಟ ಹೊಸ ಎಡವಟ್ಟು ಒಂದಿದೆ. ಕಾರು ಸ್ಟಾರ್ಟ್ ಆದ ಕೂಡಲೇ ಮುಂದೆ ಡಿಆರ್‌ಎಲ್, ಅಂದರೆ ಹಗಲು ಉರಿಯುವ ಸಣ್ಣ ದೀಪ, ಹೊತ್ತಿಕೊಳ್ಳುತ್ತದೆ. ಒಳಗೆ ಮೀಟರಿನ ಪರದೆಯೂ ಸದಾ ಬೆಳಗುತ್ತಿರುತ್ತದೆ. ಬೆಳಗಿನ ಜಾವದ ಮಂಜಿನಲ್ಲಿ ಚಾಲಕ ಲೈಟು ಹಾಕಿದ್ದೇನೆ ಎಂದೇ ತಿಳಿದಿರುತ್ತಾನೆ. ಆದರೆ ಬಹಳಷ್ಟು ಕಾರುಗಳಲ್ಲಿ ಡಿಆರ್‌ಎಲ್ ಉರಿದರೆ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಹಿಂದಿನಿಂದ ಬರುವ ಲಾರಿಗೆ ಆ ಕಾರು ಇಲ್ಲವೇ ಇಲ್ಲ. ಆಟೊ ಲೈಟನ್ನೂ ನೆಚ್ಚಿಕೊಳ್ಳಬಾರದು; ಅದರ ಸಂವೇದಕ ಅಳೆಯುವುದು ಕತ್ತಲನ್ನು, ಬೆಳ್ಳನೆಯ ಮಂಜನ್ನಲ್ಲ. ಗುಂಡಿ ತಿರುಗಿಸಿ ಡಿಪ್ ಹಾಕಿದರೆ ಹಿಂದಿನ ದೀಪವೂ ಹೊತ್ತುತ್ತದೆ. 155 ಮೀಟರ್ ದೂರದ ಜನ, ವಾಹನ ಸ್ಪಷ್ಟವಾಗಿ ಕಾಣದಿದ್ದರೆ ಹಗಲಾದರೂ ಲೈಟು ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ.

ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಲೈಟು, ಇಂಡಿಕೇಟರು, ರಿವರ್ಸ್ ಲೈಟು ಉರಿಯುತ್ತವೆಯೇ ನೋಡಿಸಿ. ರಸ್ತೆ ಕಾಮಗಾರಿಯ ಧೂಳು ಹಾದು ಬಂದರೆ ಹಿಂದಿನ ದೀಪದ ಮೇಲೆ ಕೆಂಪು ಮಣ್ಣಿನ ಪದರವೇ ಕೂತಿರುತ್ತದೆ. ದೇವಿಮನೆಯಲ್ಲಿ ಕೈ ಮುಗಿಯಲು ಇಳಿದವರು ಅದನ್ನೂ ಒಮ್ಮೆ ಒರೆಸಿಬಿಡಬಹುದು. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಹೋಗುವ ಅಭ್ಯಾಸ ಘಟ್ಟದಲ್ಲಿ ಹೆಚ್ಚಾಗಿದೆ. ಅದರಿಂದ ನೀವು ಎಡಕ್ಕೋ ಬಲಕ್ಕೋ ತಿರುಗುವಾಗ ಯಾರಿಗೂ ತಿಳಿಯುವುದಿಲ್ಲ, ನಿಂತಿದ್ದೀರೋ ಚಲಿಸುತ್ತಿದ್ದೀರೋ ಎಂಬುದೂ ತಿಳಿಯುವುದಿಲ್ಲ. ಹಜಾರ್ಡ್ ದೀಪ ನಿಂತ ಗಾಡಿಗೆ.

ಟಯರು ಮತ್ತು ಬ್ರೇಕು

ಗಾಳಿ ತಣಿದರೆ ಕುಗ್ಗುತ್ತದೆ. ತಾಪಮಾನ ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿದರೆ ಟಯರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನ 30 ಡಿಗ್ರಿ ಬಿಸಿಲಿನಲ್ಲಿ 33 ಪಿಎಸ್‌ಐ ತುಂಬಿಸಿದ್ದರೆ, 14 ಡಿಗ್ರಿಯ ಬೆಳಗಿನ ಜಾವಕ್ಕೆ ಅದು 30ರ ಆಸುಪಾಸು. ಗಾಳಿ ಕಡಿಮೆಯಾದ ಟಯರು ತಿರುವಿನಲ್ಲಿ ಮೆತ್ತಗೆ ವಾಲುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಬೆಳಿಗ್ಗೆ, ಕಾರು ಓಡುವ ಮುನ್ನ, ಬಾಗಿಲಿನ ಚೌಕಟ್ಟಿನ ಸ್ಟಿಕರಿನಲ್ಲಿ ಬರೆದಷ್ಟೇ ಗಾಳಿ ಇರಲಿ. ಜನ ತುಂಬಿದಾಗ ಎಷ್ಟಿರಬೇಕೆಂದೂ ಅಲ್ಲೇ ಬರೆದಿರುತ್ತದೆ. ಟಯರಿನ ಮೇಲ್ಮೈಯ ತೋಡುಗಳ ನಡುವೆ ಅಡ್ಡಲಾಗಿ ಸಣ್ಣ ರಬ್ಬರ್ ಗಂಟುಗಳಿವೆ. ಮೇಲ್ಮೈ ಸವೆದು ಆ ಗಂಟಿನ ಮಟ್ಟಕ್ಕೆ ಬಂದರೆ 1.6 ಮಿ.ಮೀ. ಆಳ ಮಾತ್ರ ಉಳಿದಿದೆ ಎಂದರ್ಥ. ಅದು ಕಾನೂನಿನ ಕೊನೆಯ ಗೆರೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹೀರಿದಷ್ಟೂ ಅದು ಕುದಿಯುವ ಬಿಂದು ಇಳಿಯುತ್ತದೆ. ಅರಬೈಲ್ ಘಟ್ಟದ ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಬಿಸಿಗೆ ದ್ರವ ಕುದಿದು ಗುಳ್ಳೆಯೇಳಬಹುದು, ಆಗ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ನಮ್ಮ ಮಳೆಯ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸುವುದನ್ನು ಮುಂದೂಡಬಾರದು. ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿಯುವಂತೆ ಬಿಟ್ಟು, ಬ್ರೇಕನ್ನು ಒತ್ತಿ ಬಿಡುತ್ತ ಬಳಸಿದರೆ ಬಿಸಿಯೇರುವುದಿಲ್ಲ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸಿದೆ ಅನ್ನುವವರಿಗೆ ಒಂದು ಮಾಹಿತಿ: ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ನಿಂತೇಹೋಗುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಆರದಿರಲು ಸ್ವಲ್ಪ ಸುಡುತ್ತಲೇ ಇರುತ್ತದೆ.

ಬ್ಯಾಟರಿ, ಕೂಲೆಂಟು, ಇಲಿ

ಬ್ಯಾಟರಿಯ ಆಯುಷ್ಯ ತಿನ್ನುವುದು ಬೇಸಿಗೆ; ಚಳಿ ಅದನ್ನು ಬಯಲಿಗೆ ತರುತ್ತದೆ ಅಷ್ಟೇ. ನಾಲ್ಕು ವರ್ಷ ಹತ್ತಿರವಾಗಿದ್ದರೆ ಪರೀಕ್ಷೆ ಮಾಡಿಸಿ, ಟರ್ಮಿನಲ್‌ಗೆ ಹಿಡಿದ ಬಿಳಿ, ಹಸಿರು ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಕೂಲೆಂಟ್ ಹೆಪ್ಪುಗಟ್ಟುವ ಭಯ ನಮಗಿಲ್ಲ, ಆದರೆ ಬಾವಿನೀರು ಸುರಿದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ. ಗದ್ದೆ ಕೊಯ್ಲಾದ ಮೇಲೆ ಇಲಿಗಳು ಬೆಚ್ಚನೆಯ ಎಂಜಿನ್ ಹುಡುಕಿ ಬರುತ್ತವೆ. ಕೊಟ್ಟಿಗೆಯ ಪಕ್ಕ, ಹುಲ್ಲುಬಣವೆಯ ಪಕ್ಕ ಕಾರು ನಿಲ್ಲಿಸುವವರು ಹೊರಡುವ ಮುನ್ನ ಬಾನೆಟ್ ಎತ್ತಿ ವೈರು ಕಡಿದಿದೆಯೇ ನೋಡಬೇಕು.

ತಿರುವು, ದನ, ಕಾಡುಕೋಣ

ಹೆಡ್‌ಲೈಟು ಮೂಗಿನ ನೇರಕ್ಕೆ ಬೆಳಗುತ್ತದೆ, ಘಟ್ಟದ ರಸ್ತೆ ನೇರವಿಲ್ಲ. ಕಡಿದಾದ ತಿರುವಿನಲ್ಲಿ ಬೆಳಕು ಕಣಿವೆಯ ಮರದ ತುದಿಗೆ ಬೀಳುತ್ತದೆ, ಹೋಗಬೇಕಾದ ರಸ್ತೆ ಕತ್ತಲಲ್ಲೇ ಇರುತ್ತದೆ. ಅಲ್ಲಿ ಯಾವ ಬಲ್ಬೂ ನೆರವಾಗದು, ವೇಗ ಇಳಿಸುವುದೊಂದೇ ದಾರಿ. ತಿರುವಿಗೆ ಮೊದಲು ಒಮ್ಮೆ ಡಿಮ್ ಡಿಪ್ ಮಾಡಿದರೆ ಎದುರಿನವರಿಗೆ ಸೂಚನೆ ಸಿಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು. ಇದು ಸೌಜನ್ಯ ಮಾತ್ರವಲ್ಲ, ನಿಯಮ.

ಎದುರಿನವನು ಡಿಪ್ ಮಾಡದಿದ್ದರೆ ಅವನ ಲೈಟನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತ ನಿಧಾನಿಸಿ. ಹಿಂದಿನ ಗಾಡಿಯ ಬೆಳಕಿಗೆ ಒಳಗನ್ನಡಿಯ ಅಡಿಯಲ್ಲಿರುವ ಸಣ್ಣ ಹಿಡಿಕೆಯನ್ನು ಎಳೆದರೆ ಸಾಕು. ಮೀಟರಿನ ಪರದೆಯ ಬೆಳಕನ್ನೂ ತಗ್ಗಿಸಿಡಿ. ಒಳಗೆ ಬೆಳಕು ಹೆಚ್ಚಿದ್ದಷ್ಟೂ ಕಣ್ಣು ಹೊರಗಿನ ಕತ್ತಲಿಗೆ ಹೊಂದಿಕೊಳ್ಳುವುದು ಕಷ್ಟ.

ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿ 66ರಲ್ಲಿ ರಾತ್ರಿ ಕಾಡುವುದು ದನ. ಹಗಲಿನ ಬಿಸಿಲು ಕುಡಿದ ಡಾಂಬರು ಬೆಚ್ಚಗಿರುವುದರಿಂದ ಅವು ರಸ್ತೆಯಲ್ಲೇ ಮಲಗುತ್ತವೆ. ಅಣಶಿ, ಜೋಯಿಡಾ, ದಾಂಡೇಲಿಯ ಕಡೆ, ಅಂದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತ, ಕಾಡುಕೋಣ. ಅದರ ಕಪ್ಪು ಮೈ ಬೆಳಕನ್ನು ನುಂಗಿಬಿಡುತ್ತದೆ. ಕಣ್ಣು ಹೊಳೆಯುವುದು ಅದು ನಮ್ಮ ಕಡೆ ತಿರುಗಿದಾಗ ಮಾತ್ರ. ಅಡ್ಡಲಾಗಿ ನಿಂತಿದ್ದರೆ ಮೊದಲು ಕಾಣುವುದು ಮೊಣಕಾಲಿನ ಕೆಳಗಿನ ಬೆಳ್ಳನೆಯ ಕಾಲುಗಳು. ಒಂದು ದಾಟಿದರೆ ಹಿಂದೆ ಇನ್ನೂ ಇವೆ ಎಂದೇ ತಿಳಿಯಿರಿ. ನೇರವಾಗಿ ಬ್ರೇಕ್ ಹಿಡಿದು ನಿಲ್ಲಿ, ಡಿಪ್ ಮಾಡಿ, ಹಾರ್ನ್ ಬೇಡ. ಸ್ಟೇರಿಂಗ್ ತಿರುಗಿಸಿ ತಪ್ಪಿಸಲು ಹೋದರೆ ಒಂದು ಬದಿ ಮರ, ಇನ್ನೊಂದು ಬದಿ ಕಂದಕ.

ಡಿಕ್ಕಿಯಲ್ಲಿ ಏನಿರಬೇಕು?

ಕೆಂಪು ಪ್ರತಿಫಲಕ ತ್ರಿಕೋನ, ಸೆಲ್ ಹಾಕಿದ ಟಾರ್ಚ್, ಗಾಳಿಯಿರುವ ಸ್ಟೆಪ್ನಿ, ಜಾಕು, ಒಂದು ಕಂಬಳಿ, ಕುಡಿಯುವ ನೀರು. ಗಾಡಿ ಕೆಟ್ಟು ನಿಂತರೆ ತ್ರಿಕೋನವನ್ನು ಕಾರಿಗೆ ಅಂಟಿಸಿದಂತೆ ಇಡಬಾರದು. ಹಿಂದೆ 50 ಮೀಟರಾದರೂ ದೂರವಿರಲಿ. ತಿರುವಿನ ಆಚೆ ನಿಂತಿದ್ದರೆ ತಿರುವಿಗೆ ಮೊದಲೇ ಕಾಣುವಂತೆ ಇಡಬೇಕು, ಇಲ್ಲದಿದ್ದರೆ ಇಟ್ಟೂ ವ್ಯರ್ಥ. ಜನ ಕಾರಿನೊಳಗೆ ಕೂತಿರುವುದೂ ಬೇಡ, ರಸ್ತೆಯಿಂದ ಸರಿದು ಗುಡ್ಡದ ಬದಿಯಲ್ಲಿ ನಿಲ್ಲಲಿ.

ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಾದರೆ 1033. ಘಟ್ಟದ ಎಷ್ಟೋ ತಿರುವುಗಳಲ್ಲಿ ಸಿಗ್ನಲ್ ಇರುವುದಿಲ್ಲ, ಸಿಕ್ಕಾಗ ಎಲ್ಲಿದ್ದೇವೆ ಎಂದು ಹೇಳಲೂ ಬರುವುದಿಲ್ಲ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಊರಿನ ಹೆಸರು, ಅಂಕೆ ಓದಿ ಹೇಳಿದರೆ ನೆರವಿಗೆ ಬರುವವರಿಗೆ ಜಾಗ ಸಿಗುತ್ತದೆ. ಹಾಗಾಗಿ ದಾರಿಯಲ್ಲಿ ಕಲ್ಲು ಕಂಡಾಗೆಲ್ಲ ಪಕ್ಕದ ಸೀಟಿನಲ್ಲಿ ಕೂತವರು ಅಂಕೆಯನ್ನು ಗಮನಿಸುತ್ತಿರಲಿ. ಅವರು ನಿದ್ದೆ ಹೋಗದಿರಲಿಕ್ಕೂ ಒಂದು ಕೆಲಸವಾಯಿತು.